ಸ್ವಂತಕ್ಕೇನೂ ಬೇಡದ ಕ್ಲೈವ್

ಅರ್ಜಿಯ ಮೂರನೆಯ ಪುಟದಲ್ಲಿ ಅಂಗೈಯಗಲ ಜಾಗ ಬಿಟ್ಟು ಒಂದು ಪ್ರಶ್ನೆ ಅಚ್ಚು ಹಾಕಿದ್ದರು: ‘ನಿಮಗೆ ದಾರಿ ತೋರುವ ಮೌಲ್ಯಗಳು ಯಾವುವು?’ ಅಲ್ಲಿಗೆ ಬಂದು ಕ್ಲೈವ್ ಪೆಂಗೆಲ್ಲಿಯ ಪೆನ್ನು ನಿಂತುಬಿಟ್ಟಿತು.

ಅವನು ಟ್ರೆನಾ ಬೇ ನಗರದ ಈಜುಕೊಳದ ಬಾಗಿಲಲ್ಲಿ ಇಪ್ಪತ್ತೆರಡು ವರ್ಷದಿಂದ ಪಾಸ್ಟಿ ಎಂಬ ಹೂರಣ ತುಂಬಿದ ಕಡುಬು ಬೇಯಿಸಿ ಮಾರುವವನು. ಕೊಳ ಮುಚ್ಚಿ ಕಾರು ನಿಲ್ಲಿಸುವ ಜಾಗ ಮಾಡಬೇಕೆಂದು ಮೇಯರ್ ಗ್ರೇಟಾ ಶುಲ್ಟ್ಸ್ ಹಟ ಹಿಡಿದಿದ್ದರು. ಕೌನ್ಸಿಲ್‌ನಲ್ಲಿ ಮುಚ್ಚಿ ಎನ್ನುವವರು ನಾಲ್ವರು, ಬೇಡ ಎನ್ನುವವರು ನಾಲ್ವರು. ಸಮವಾದರೆ ಮೇಯರ್ ಹೇಳಿದ್ದೇ ಆಖೈರು. ಒಂಬತ್ತನೆಯ ಕುರ್ಚಿ ಖಾಲಿ. ಅದಕ್ಕೆ ಅರ್ಜಿ ಕೊಡಲು ಇವತ್ತು ಹನ್ನೆರಡಕ್ಕೆ ಗಡುವು. ಬೇರೆ ಯಾರೂ ನಿಲ್ಲದಿದ್ದರೆ ಆಗಲೇ ಗೆದ್ದಂತೆ, ಎರಡು ಗಂಟೆಯ ಸಭೆಯಲ್ಲೇ ಕೈ ಎತ್ತಬಹುದು. ಈಗ ಹನ್ನೊಂದು ಹೊಡೆದಿತ್ತು. ಒಂದು ಕಣ್ಣು ಒಲೆಯ ಮೇಲೆ, ಒಂದು ಗಡಿಯಾರದ ಮೇಲೆ ಇಟ್ಟುಕೊಂಡು ಕ್ಲೈವ್ ‘ಪ್ರಾಮಾಣಿಕತೆ’ ಎಂದು ಬರೆದ.

“ಅದನ್ನ ಹೊಡೆದುಹಾಕು,” ಎಂದಳು ಉನಾ. ನಿವೃತ್ತ ಮೇಷ್ಟರಮ್ಮ, ದಿನಾ ನಲವತ್ತು ಸುತ್ತು ಈಜುವವಳು, ಒದ್ದೆ ಟವೆಲ್ ಹೊದ್ದೇ ಕೌಂಟರಿಗೆ ಒರಗಿದ್ದಳು.

“ಯಾಕೆ?”

“ನಿನ್ನ ಬೋರ್ಡಿನಲ್ಲಿ ‘ಮಾಂಸದ ಪಾಸ್ಟಿ’ ಅಂತಿದೆ. ಮೂರು ತುತ್ತು ತಿಂದ್ರೂ ಆಲೂಗಡ್ಡೆ ಬಿಟ್ಟು ಏನೂ ಸಿಗಲ್ಲ. ಜನ ನಗ್ತಾರೆ ಕಣೋ.”

ಕ್ಲೈವ್ ಅದನ್ನು ಹೊಡೆದು ‘ಧೈರ್ಯ’ ಎಂದು ಬರೆದ. ಪಕ್ಕದ ಕ್ಷೌರದಂಗಡಿಯ ಡೊಮಿನಿಕ್ ಕತ್ತರಿ ಹಿಡಿದುಕೊಂಡೇ ಬಂದು ಇಣುಕಿದ.

“ಧೈರ್ಯವಾ? ಹೋದ ವಾರ ಸೀಗಲ್ ಹಕ್ಕಿ ಒಳಗೆ ಬಂತು ಅಂತ ಫ್ರಿಜ್ ಹಿಂದೆ ಅಡಗಿ ಕೂತಿದ್ಯಲ್ಲ. ಹೊರಗೆ ಓಡಿಸಿದ್ದು ಯಾರಪ್ಪಾ, ನಾನು.”

ಅದೂ ಹೋಯಿತು. ‘ಸಮಾನತೆ’ ಬಂತು. ಉನಾಗೆ ಮಾತ್ರ ಎರಡು ಸಲ ಸಾಸ್ ಹಾಕುತ್ತಾನೆಂದು ಡೊಮಿನಿಕ್ ತಕರಾರು ತೆಗೆದ. ತನಗೆ ವಯಸ್ಸಾಗಿದೆ ಎಂದು ಉನಾ ಜಗಳಕ್ಕೆ ನಿಂತಳು. ಇಬ್ಬರ ಎಳೆದಾಟದಲ್ಲಿ ಸಾಸ್ ಬಾಟಲಿ ಅರ್ಜಿಯ ಮೇಲೆ ಮಗುಚಿಕೊಂಡಿತು. ಕ್ಲೈವ್ ಒರೆಸಿದಷ್ಟೂ ಕೆಂಪು ಹರಡಿತು, ಒಳಗೆ ಪಾಸ್ಟಿ ಸೀದ ವಾಸನೆಯೂ ಬಂತು.

“ಕೊಳ ಮುಚ್ಚಬಾರದು ಅಂತ ಬರೀತೀನಿ, ಸಾಕು,” ಎಂದ. ಅವನಿಗೆ ಅಳುವೇ ಬಂದಿತ್ತು.

“ಅದು ಆಸೆ, ಮೌಲ್ಯ ಅಲ್ಲ,” ಎಂದಳು ಉನಾ. “ಬರ್ಕೋ. ‘ನನ್ನ ಸ್ವಂತಕ್ಕೆ ಏನೂ ಬೇಡ. ಇದ್ದದ್ದನ್ನ ಇದ್ದ ಹಾಗೆ ಹೇಳ್ತೀನಿ.’ ಮುಗೀತು. ಈಗ ಓಡು.”

ಕ್ಲೈವ್ ಏಪ್ರನ್ ಬಿಚ್ಚದೆ ಓಡಿದ. ಪುರಭವನ ಮುಟ್ಟಿದಾಗ ಹನ್ನೆರಡಕ್ಕೆ ಎರಡೇ ನಿಮಿಷ. ಅಲ್ಲಿ ನೋಡಿದರೆ ಮನೆ-ಸೈಟು ಮಾರುವ ಬ್ರೆಂಟ್ ಹಾಲಿಡೇ ತಾನೂ ಅರ್ಜಿ ಹಿಡಿದು ನಿಂತಿದ್ದಾನೆ. ಕ್ಲೈವ್ ತನ್ನ ಹಾಳೆಯನ್ನು ಮೇಜಿನ ಮೇಲಿಟ್ಟ.

ಚುನಾವಣಾಧಿಕಾರಿ ವೆಂಡಿ ಬ್ರೆಂಟ್‌ನ ಹಾಳೆಯ ಪದ ಎಣಿಸುತ್ತಿದ್ದಳು. “ನಿಮ್ಮ ಮೌಲ್ಯಗಳು ಜಾಸ್ತಿ ಆದ್ವು. ಅರವತ್ತು ಪದ ಕಡಿಮೆ ಮಾಡಿ.”

“ಯಾವ ಮೌಲ್ಯ ಬಿಡ್ಲಿ? ಎಲ್ಲಾ ನನ್ನವೇ,” ಎಂದು ಬ್ರೆಂಟ್ ತಲೆ ಕೆರೆದುಕೊಂಡ. ವೆಂಡಿ ಕ್ಲೈವ್‌ನ ಕೆಂಪು ಹಾಳೆಯನ್ನು ಎರಡು ಬೆರಳಲ್ಲಿ ಎತ್ತಿಕೊಂಡು ಓದಿ ಮೊಹರು ಒತ್ತಿದಳು. ಬ್ರೆಂಟ್ ‘ಕುಟುಂಬಪ್ರೇಮ’ ಬಿಡುವುದೋ ‘ಶಿಸ್ತು’ ಬಿಡುವುದೋ ಎನ್ನುವಷ್ಟರಲ್ಲಿ ಹನ್ನೆರಡು ಹೊಡೆಯಿತು. ಕ್ಲೈವ್ ಅವಿರೋಧವಾಗಿ ಆಯ್ಕೆಯಾದ.

ಎರಡು ಗಂಟೆಗೆ ಸಭೆ ಸೇರಿತು. ಹೊಸ ಕುರ್ಚಿಯಲ್ಲಿ ಕ್ಲೈವ್ ಆಚೆ ಜರುಗಿದ, ಈಚೆ ಜರುಗಿದ, ನೀರು ಕುಡಿದ. ಸಾರ್ವಜನಿಕರ ಬೆಂಚಿನಲ್ಲಿ ಉನಾ, ಡೊಮಿನಿಕ್ ಮುಂದಿನ ಸಾಲಲ್ಲೇ ಕೂತಿದ್ದರು. ವಿಷಯ ಒಂದೇ: ಕೊಳ. ಮತಕ್ಕೆ ಹಾಕುವ ಮೊದಲು ಮೇಯರ್ ಕೇಳಿದರು, “ಈ ವಿಷಯದಲ್ಲಿ ಯಾರಿಗಾದ್ರೂ ಸ್ವಂತ ಹಿತ ಇದೆಯಾ? ಇದ್ರೆ ಹೇಳ್ಬೇಕು.”

ಕ್ಲೈವ್ ಮೇಜಿನ ಗೀರು ನೋಡಿದ. ಸುಮ್ಮನಿದ್ದರೆ ಐದಕ್ಕೆ ನಾಲ್ಕು, ಕೊಳ ಉಳಿಯುತ್ತದೆ. ತಲೆ ಎತ್ತಿದರೆ ಉನಾ ಹೆಮ್ಮೆಯಿಂದ ಅವನನ್ನೇ ನೋಡುತ್ತಿದ್ದಳು, ಪಾಠ ಒಪ್ಪಿಸುವ ಮಗುವನ್ನು ನೋಡಿದ ಹಾಗೆ. ಆ ನೋಟ ಅವನಿಗೆ ತಡೆಯಲಾಗಲಿಲ್ಲ.

“ಕೊಳದ ಬಾಗಿಲಲ್ಲಿ ನಂದೊಂದು ಪಾಸ್ಟಿ ಅಂಗಡಿ ಇದೆ,” ಎಂದುಬಿಟ್ಟ.

“ಬಹಳ ದೊಡ್ಡತನ,” ಎಂದರು ಮೇಯರ್. “ಹಾಗಾದ್ರೆ ಹೊರಗೆ ಹೋಗ್ಬೇಕು.”

“ಎರಡು ಮಾತಾದ್ರೂ ಆಡ್ಲಾ?”

“ಬೆಂಚಿನ ಮೇಲೆ ಕೂತ ಸಾರ್ವಜನಿಕರಿಗೆ ಮೂರು ನಿಮಿಷ ಮಾತಾಡೋ ಹಕ್ಕಿದೆ. ಹಿತ ಇರೋ ಸದಸ್ಯರಿಗೆ ಅದೂ ಇಲ್ಲ.”

ಕ್ಲೈವ್ ಎದ್ದು ಹೊರಗೆ ಬಂದ. ಬಾಗಿಲು ಮುಚ್ಚಿಕೊಂಡಿತು. ಹಜಾರದಲ್ಲಿ ಈ ಗೋಡೆಯಿಂದ ಆ ಗೋಡೆಗೆ ಅಲೆದ, ಬಾಗಿಲಿಗೆ ಕಿವಿ ಕೊಟ್ಟ. ಉನಾ ಮೂರು ನಿಮಿಷ ಜೋರಾಗಿ ಮಾತಾಡಿದ್ದು ಕೇಳಿಸಿತು. ಆಮೇಲೆ ನಾಲ್ಕು-ನಾಲ್ಕು ಎಂದು ಯಾರೋ ಎಣಿಸಿದರು. ಆಮೇಲೆ ಮೇಯರ್ ಧ್ವನಿ: “ಮುಚ್ಚೋದೇ.” ಅಷ್ಟಕ್ಕೇ ಇಪ್ಪತ್ತೆರಡು ವರ್ಷದ ವ್ಯಾಪಾರ ಮುಗಿದುಹೋಗಿತ್ತು. ಅವನು ಗೋಡೆಗೆ ಒರಗಿ ಏಪ್ರನ್‌ನಲ್ಲೇ ಮುಖ ಒರೆಸಿಕೊಂಡ.

ಬಾಗಿಲು ತೆರೆಯಿತು. ಮೇಯರ್ ತಾವೇ ಬಂದು ಅವನ ಹೆಗಲ ಮೇಲೆ ಕೈಯಿಟ್ಟರು.

“ಬನ್ನಿ ಕ್ಲೈವ್, ಒಳಗೆ ಬನ್ನಿ. ಕಾರು ನಿಲ್ಲಿಸುವ ಜಾಗದ ಸಮಿತಿಗೆ ನಿಮ್ಮನ್ನೇ ಅಧ್ಯಕ್ಷ ಮಾಡಿದ್ದೀವಿ. ಇನ್ನು ಅಂಗಡಿಯೂ ಇರಲ್ಲವಲ್ಲ, ನಿಮಗೆ ಅಲ್ಲಿ ಸ್ವಂತ ಹಿತ ಅನ್ನೋದು ಒಂದು ಚೂರೂ ಉಳಿದಿಲ್ಲ.”