ಕಿಸೆದಾಗಿನ ಗೆಜ್ಜಿ

ವಯಸ್ಸಾದ್ಹಂಗ ಮನಷ್ಯಾಗ ಬುದ್ಧಿ ಬರ್ತದ ಅಂತಾರ. ನನಗ ಎಪ್ಪತ್ತೊಂದಾತು, ಇನ್ನೂ ಬಂದಿಲ್ಲ. ಬಂದ್ರೂ ಬಾಗಲಾ ತಗೀಬಾರದು ಅಂತ ನಿಶ್ಚಯ ಮಾಡೀನಿ. ವಡೋದರಾದ ಗೋರ್ವಾದಾಗ ಮಗನ ಮನಿಗೆ ಬಂದ ಮ್ಯಾಲಂತೂ ನನ್ನ ಕಿಡಿಗೇಡಿತನಕ್ಕ ಮತ್ತಷ್ಟು ಅನುಕೂಲ ಆತು. ನಮ್ಮ ಅಡ್ಡಹೆಸರು ದೇಸಾಯಿ. ಇಲ್ಲೂ ದೇಸಾಯಿಗೋಳು ಭಾಳ ಮಂದಿ. ಅಪಾರ್ಟ್‌ಮೆಂಟಿನ ಬೆಂಚಿನ ಮುದುಕರು ನಾ ಅವರಾಂವನ ಅಂತ ತಿಳಕೊಂಡು ಗುಜರಾತಿಯೊಳಗ ಹರಟಿ ಹೊಡದ್ರು. ನಾನೂ ಆರು ತಿಂಗಳು "ಹಾ, ಹಾ" ಅಂತ ಗೋಣು ಹಾಕಿದೆ. ನಾ ಧಾರವಾಡದಾಂವ, ಒಂದು ಮಾತೂ ತಿಳೀತಿರಲಿಲ್ಲ ಅಂತ ಗೊತ್ತಾದ ದಿನ ಅವರೊಳಗಿನ ರಮಣಭಾಯಿ ನಕ್ಕು ನಕ್ಕು ಚಹಾ ಚೆಲ್ಲಿಕೊಂಡ.

ಇಂಥಾ ನನಗ ಮೊಮ್ಮಗಳು ಹುಟ್ಟಿದಳು, ಮಗ ಸುಧೀಂದ್ರ ಅಪ್ಪ ಆದ. ಕೂಸು ಸೀನಿದ್ದು, ತೇಗಿದ್ದು ಎಲ್ಲಾ ಮೊಬೈಲಿನ್ಯಾಗ ಬರದಿಡತಿದ್ದ. ಮಲಗಸೋದು ಮಾತ್ರ ಬರ್ತಿರಲಿಲ್ಲ. ಬಾಜೂ ಮನಿಯವರು ಇಲ್ಲೀ ಪದ್ಧತಿ ತೊಟ್ಟಲಾ ಕೊಟ್ಟಿದ್ರು, ಘೋಡಿಯು ಅಂತಾರ. ಸ್ಟ್ಯಾಂಡಿಗೆ ಅರಿವಿ ಜೋಳಿಗಿ ತೂಗುಬಿಟ್ಟಿರ್ತದ, ಅದಕ್ಕೊಂದು ಹಗ್ಗ. ದೂರ ಕೂತು ಜಗ್ಗಿದ್ರಾತು. ಸೊಸಿ ಮತ್ತ ಬ್ಯಾಂಕಿಗೆ ಹೋಗಲಿಕ್ಕೆ ಶುರು ಮಾಡಿದ ಮ್ಯಾಲೆ, ಫಸ್ಟ್ ಶಿಫ್ಟ್ ಮುಗಿಸಿ ಮೂರಕ್ಕ ಬರೋ ಮಗಗ ಮಧ್ಯಾಹ್ನ ಮಲಗಸೋ ಕೆಲಸ ಬಂತು.

ಅಲ್ಲೆ ನಾ ಕೈ ಆಡಿಸಿದೆ. ನಾ ಜಗ್ಗುವಾಗ ಜೋಳಿಗಿ ಕೆಳಗ ಒಂದು ಗೆಜ್ಜಿ ಸಿಗಸ್ತಿದ್ದೆ. ಕೂಸಿಗೆ ಆ ಸಪ್ಪಳದ್ದ ರೂಢಿ ಆತು. ಕೆಲಸಾ ಮುಗೀತಂದ್ರ ಗೆಜ್ಜಿ ನನ್ನ ಕಿಸೆಕ್ಕ! ಮಗ ಜಗ್ಗಿದ್ರ ಸಪ್ಪಳಿಲ್ಲ. ಆಕಿ ಮನಿ ಹಾರಿಹೋಗೋಹಂಗ ಚೀರ್ತಿದ್ದಳು.

"ಇದು ಹಸ್ತಗುಣಪಾ," ಅಂತ ಮೀಸಿ ತಿರವಿದೆ.

"ಅಪ್ಪಾ, ಇಕಿಗೆ ನಾ ಬ್ಯಾಡೇನೋ," ಅಂದ, ಮಾರಿ ಸಣ್ಣದು ಮಾಡಿಕೊಂಡು.

ಆವಾಗ ಗೆಜ್ಜಿ ತಗದು ಅವನ ಕೈಯಾಗ ಇಡಬೇಕಿತ್ತು. ಇಡಲಿಲ್ಲ. ನಿಮ್ಮ ಮುಂದ ಹೇಳಲಿಕ್ಕೇನು, ಅವನ ತೊಟ್ಟಲಾ ನಾ ಒಂದ ದಿನಾನೂ ತೂಗಿದಾಂವಲ್ಲ. ಆಗ ಅಪ್ಪ ಅಂದ್ರ ಪೇಪರ್ ಓದಾಂವ. ಈಗ ನಾ ಎದ್ದ್ರ ಅಳೋ ಜೀವ ಒಂದು ಸಿಕ್ಕಿತ್ತಲ್ಲ, ಬಿಟ್ಟುಕೊಡಲಿಕ್ಕೆ ಮನಸ್ಸು ಬರಲಿಲ್ಲ.

ಆದ್ರ ತಿಂಗಳುಗಟ್ಟಲೆ ಜಗ್ಗಿ ಜಗ್ಗಿ ಭುಜಾ ಹಿಡೀತು. ಅಷ್ಟರಾಗ ಚಳಿಗಾಲ ಬಂತು. "ದೇಸಾಯಿಭಾಯಿ, ಸೂರತ್ ಚಲೋ! ಪೋಂಕ್ ಆ ಗಯಾ!" ಅಂದ ರಮಣಭಾಯಿ. ಪೋಂಕ್ ಅಂದ್ರ ಬ್ಯಾರೇನಲ್ಲ, ನಮ್ಮ ಸೀತನಿ. ಎಳೀ ಜ್ವಾಳದ ತೆನಿ ಸುಟ್ಟು ಬಡದ ಹಸರು ಕಾಳು. ಎಷ್ಟೋ ವರ್ಷದಿಂದ ಬಾಯಿಗೆ ಬಿದ್ದಿದ್ದಿಲ್ಲ.

"ನೀವು ಹೋದ್ರ ಇಕಿ ಮಲಗೋದು ಹ್ಯಾಂಗ?" ಅಂತ ಮಗ ಅಳೋಹಂಗ ಆದ. ಆದ್ರ ಸೀತನಿ ಜೋರ ಜಗ್ಗಿತು, ಹೋದೆ.

ತಾಪಿ ಹೊಳಿ ದಂಡಿಗೆ ಕೂತು, ನಿಂಬಿ-ಮೆಣಸಿನ ಸೇವು ಕಲಸಿ ಮೊದಲನೇ ಮುಕ್ಕಾ ಹಾಕಿದೆ. ಕೈ ಒರಸ್ಕೊಳ್ಳಲಿಕ್ಕೆ ವಸ್ತ್ರಾ ತಗದ್ರ ಗೆಜ್ಜಿ ಘಲ್ ಅಂತು. ಕೂಸಿನ ನಿದ್ದಿ ಇಲ್ಲೆ ನನ್ನ ಕಿಸೆದಾಗ ಅದ! ತಡೀಲಾರದ ಫೋನ್ ಹಚ್ಚಿದೆ.

"ಮಲಗಿದಳೇನೋ?"

"ಆಗಲೇ ಒಂದ್ ತಾಸಾತು."

"ಹ್ಯಾಂಗೋ?"

"ನೀವು ನಡದಾಗೆಲ್ಲಾ ನಿಮ್ಮ ಕಿಸೆ ಸಪ್ಪಳಾ ಮಾಡ್ತದಪಾ. ಎರಡು ತಿಂಗಳ ಹಿಂದನ ನಾನೂ ಬಜಾರದಾಗಿಂದ ಒಂದು ಗೆಜ್ಜಿ ತಂದೀನಿ."

"ಹಂಗಾರ ಇಷ್ಟ ದಿನಾ ಯಾಕ ಸುಮ್ಮನಿದ್ದಿ?"

"ನೀವು ಜಗ್ಗತಿದ್ರಿ, ನಾ ಒಳಗ ಮಲಗ್ತಿದ್ದೆ. ಶಿಫ್ಟ್ ಮಾಡಿ ಬಂದಾಂವಗ ಇನ್ನೇನ ಬೇಕು?"

"ನೋಡ್ರಿ, ನನ್ನ ಮಗಾ!" ಅಂತ ರಮಣಭಾಯಿ ಮುಂದ ಎದಿ ತಟ್ಟಿಕೊಂಡೆ. ಬ್ಯಾರೆ ದಾರಿನೂ ಇರಲಿಲ್ಲ.

ಮರುದಿನ ಮೂರಕ್ಕ ರೂಢಿಯಂಗ ಹಗ್ಗಕ್ಕ ಕೈ ಹಾಕಿದೆ. "ಬ್ಯಾಡಪ್ಪಾ, ಭುಜಾ ನೋಯತದ ಅಂತಿದ್ರಿ. ನೀವು ಆರಾಮ ಪೇಪರ್ ಓದ್ರಿ," ಅಂದ ಮಗ. ಅವನ ಗೆಜ್ಜಿಗೆ ಮೊಮ್ಮಗಳು ಎರಡ ನಿಮಿಷದಾಗ ಕಣ್ಣು ಮುಚ್ಚಿದಳು.

ಅಂದಿನಿಂದ ದಿನಾ ಪೇಪರ್ ಹಿಡಕೊಂಡ ಕೂಡ್ತೀನಿ. ಓದಲಿಕ್ಕಲ್ಲ. ಆ ಕಳ್ಳ ತನ್ನ ಗೆಜ್ಜಿ ಎಲ್ಲೆ ಮುಚ್ಚಿಡ್ತಾನ, ನೋಡ್ಲಿಕ್ಕೆ.