ಕರಡಿ ಕೈ ಕೆಳಗೆ ಉಚಿತ

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನನಗೆ ಟೋಪಿ ಹಾಕುವ ವ್ಯಾಪಾರಿ ಇನ್ನೂ ಹುಟ್ಟಿಲ್ಲ. ಯಾಕೆಂದರೆ ನಾನೂ ವ್ಯಾಪಾರಿಯೇ. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಬೀದಿಯವರಿಗೆಲ್ಲ ಬಟ್ಟೆ ಹೊಲಿದುಕೊಡುವವಳು. ಗಿರಾಕಿ ಬಂದ ಕೂಡಲೇ ಒಂದು ಭಾರಿ ರೇಟು ಹೇಳಬೇಕು. ಅವರು ಎದೆ ಹಿಡಿದುಕೊಳ್ಳುವ ಮೊದಲೇ ದನಿ ತಗ್ಗಿಸಿ "ನಿಮಗೆ ಅಂತ" ಎಂದು ಇಳಿಸಬೇಕು. ಅವರು ಯುದ್ಧ ಗೆದ್ದವರ ಹಾಗೆ ನಗುತ್ತಾ ಹೋಗುತ್ತಾರೆ. (ಇಳಿಸಿದ ರೇಟೇ ನನ್ನ ಖಾಯಂ ರೇಟು ಎನ್ನುವುದು ನನಗೂ ನನ್ನ ಹೊಲಿಗೆ ಯಂತ್ರಕ್ಕೂ ಬಿಟ್ಟರೆ ಇನ್ಯಾರಿಗೂ ಗೊತ್ತಿಲ್ಲ. ನೀವೂ ಯಾರಿಗೂ ಹೇಳಬೇಡಿ.) ಇಂಥ ನಾನು ಒಂದು ಹೋಟೆಲಿನವರ ಮುಂದೆ ಪೆಚ್ಚುಮೋರೆ ಹಾಕಿಕೊಂಡು ನಿಲ್ಲಬೇಕಾಗಿ ಬಂತೆಂದರೆ ಅದಕ್ಕೆ ಕಾರಣ ನಾನಲ್ಲ, ನನ್ನ ಓರಗಿತ್ತಿ.

ನನ್ನ ಮೈದುನನ ಹೆಂಡತಿಯಾದ ಈ ಮಹಾತಾಯಿ ಹೋದ ರಜೆಯಲ್ಲಿ ಗಂಡ, ಮಗನ ಸಮೇತ ಥೀಮ್ ಪಾರ್ಕಿಗೆ ಹೋಗಿ, ಅಲ್ಲಿನ ಹೋಟೆಲಿನಲ್ಲೇ ಎರಡು ದಿನ ಉಳಿದು ಬಂದಳು. ಉಳಿದದ್ದು ಎರಡು ದಿನ, ಹೇಳಿದ್ದು ಎರಡು ತಿಂಗಳು. "ಕಿಟಕಿ ತೆಗೆದ್ರೆ ಸಾಕು ಅಕ್ಕಾ, ಮೋಡದ ರೈಲು ಕಣ್ಣೆದುರಿಗೇ ಹೋಗುತ್ತೆ!" ಎನ್ನುವಳು. ಮೋಡದ ರೈಲು ಎಂದರೆ ಆ ಪಾರ್ಕಿನ ಅತಿ ಎತ್ತರದ ಆಟ. ಜನರನ್ನು ಆಕಾಶಕ್ಕೆ ಒಯ್ದು, ತಲೆಕೆಳಗು ಮಾಡಿ, ಕರುಳು ಬಾಯಿಗೆ ತಂದು ಬಿಡುತ್ತದೆ. ಇದಕ್ಕೆ ಜನ ದುಡ್ಡು ಕೊಟ್ಟು ಸಾಲಿನಲ್ಲಿ ನಿಲ್ಲುತ್ತಾರೆ.

ಓರಗಿತ್ತಿಯ ಮಾತನ್ನು ನಾನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟುಬಿಡಬಹುದಿತ್ತು. ಆದರೆ ಅವಳ ಮಗ ನನ್ನ ಏಳು ವರ್ಷದ ಮಗಳಿಗೆ, "ನಾಲ್ಕಡಿ ಇದ್ರೆ ಮಾತ್ರ ಹತ್ತಿಸ್ತಾರೆ. ನಿನ್ನನ್ನ ಬಿಡಲ್ಲ ಹೋಗೇ ಕುಳ್ಳಿ" ಎಂದುಬಿಟ್ಟ. ಅಂದಿನಿಂದ ನಮ್ಮ ಪುಟ್ಟಿ ಬೆಳೆಯುವುದನ್ನೇ ಒಂದು ಉದ್ಯೋಗ ಮಾಡಿಕೊಂಡಳು. ಮುಟ್ಟದಿದ್ದ ತರಕಾರಿಯನ್ನೆಲ್ಲ ಕಣ್ಣು ಮುಚ್ಚಿ ನುಂಗಿದಳು. ಕಿಟಕಿಯ ಸರಳು ಹಿಡಿದು ಜೋತಾಡಿದಳು. ಒಂದು ಸಂಜೆ ಯಂತ್ರದ ಪಕ್ಕ ಬಂದು ನಿಂತು, "ಅಮ್ಮಾ, ಮೋಡದ ರೈಲು ಒಂದೇ ಒಂದು ಸಲ. ಆಮೇಲೆ ಏನೂ ಕೇಳಲ್ಲ" ಎಂದಳು. ಏನೂ ಕೇಳಲ್ಲ ಎನ್ನುವ ಮಕ್ಕಳಿಗೆ ಇಲ್ಲ ಎನ್ನುವುದು ಬಹಳ ಕಷ್ಟ.

ಸರಿ, ಫೋನಿನಲ್ಲಿ ಹೋಟೆಲ್ ಬಾಡಿಗೆ ನೋಡಿದೆ. ಬೆಳಿಗ್ಗೆ ಒಂದು ಬೆಲೆ ಇತ್ತು. ಹಾಲು ಕಾಯಿಸಿ ಬಂದು ನೋಡಿದರೆ ಅದೂ ಹಾಲಿನ ಹಾಗೆ ಉಕ್ಕಿತ್ತು. ಮಧ್ಯಾಹ್ನ ಇನ್ನಷ್ಟು ಏರಿ, "ಇನ್ನು ಎರಡೇ ಕೋಣೆ ಉಳಿದಿವೆ, ಹದಿನಾಲ್ಕು ಜನ ಇದೇ ಕೋಣೆ ನೋಡುತ್ತಿದ್ದಾರೆ" ಎಂದು ಕೆಂಪಕ್ಷರದಲ್ಲಿ ಹೆದರಿಸಿತು. ನಾಲ್ಕನೆಯ ದಿನ ಮಾತ್ರ ನನ್ನ ಕಣ್ಣಿಗೆ ಹಬ್ಬ. ಒಂದು ದೊಡ್ಡ ಅಂಕಿ, ಅದರ ಮೇಲೊಂದು ಗೀಟು, ಕೆಳಗೊಂದು ಚಿಕ್ಕ ಅಂಕಿ, ಪಕ್ಕದಲ್ಲಿ "ಶೇಕಡಾ ನಲವತ್ತು ಕಡಿತ!"

"ರೀ, ಬನ್ರೀ ಇಲ್ಲಿ! ಅರ್ಧಕ್ಕರ್ಧ ಬಿಟ್ಟಿದ್ದಾರೆ."

ನಮ್ಮ ಯಜಮಾನರು ನೀರಿನ ಮೀಟರ್ ಓದುವ ಕೆಲಸದವರು. ಮನೆಮನೆಗೆ ಹೋಗಿ ಹಿಂದಿನ ಅಂಕಿ, ಇಂದಿನ ಅಂಕಿ ಬರೆದುಕೊಂಡು ಬರುತ್ತಾರೆ. ಅವರು ಕನ್ನಡಕ ಏರಿಸಿ ನೋಡಿದರು. "ಮೊದಲನೇ ದಿನ ಬೆಳಿಗ್ಗೆ ನೀನು ತೋರಿಸಿದಾಗ ಗೀಟಿಲ್ಲದೇನೇ ಇದೇ ಅಂಕಿ ಇತ್ತು ಕಣೇ. ಈಗ ಮೇಲೊಂದು ದೊಡ್ಡ ಅಂಕಿ ಬರೆದು ಅದಕ್ಕೆ ಗೀಟು ಎಳೆದಿದ್ದಾರೆ ಅಷ್ಟೆ."

"ನಿಮಗೆ ವ್ಯಾಪಾರದ ಗಂಧಗಾಳಿ ಇಲ್ಲ. ಗೀಟು ಎಳೆಯೋಕೆ ಅವರಿಗೆ ಹೊಟ್ಟೆ ಎಷ್ಟು ಉರಿದಿರಬೇಕು!"

(ಅವರು ಹೇಳಿದ್ದು ನನ್ನ "ನಿಮಗೆ ಅಂತ" ವಿದ್ಯೆಯೇ ಎಂದು ನನಗೆ ಹೊಳೆಯಲಿಲ್ಲವೇ ಎಂದು ಕೇಳಬೇಡಿ. ಹೊಳೆಯಿತು. ಆದರೆ ಎದುರಿಗೆ ಗೀಟು ಕಂಡಾಗ ಬುದ್ಧಿ ಪಕ್ಕಕ್ಕೆ ಸರಿದು ಕೈಗೆ ದಾರಿ ಬಿಡುತ್ತದೆ.) ನನ್ನನ್ನು ಪೂರ್ತಿ ಗೆದ್ದದ್ದು ಅದರ ಕೆಳಗಿದ್ದ ಸಾಲು. ಹೋಟೆಲಿನ ಬಾಗಿಲಲ್ಲಿ ಕೈ ಚಾಚಿ ನಿಂತ ಮರದ ಕರಡಿಯೊಂದಿದೆ. ಅದರ ಕೈ ನೆಲದಿಂದ ನಾಲ್ಕಡಿ ಮೇಲೆ. ಆ ಕೈ ಕೆಳಗೆ ತಲೆ ತಾಗದೆ ಹೋಗುವ ಮಗುವಿಗೆ ಕೋಣೆ, ಊಟ, ಪಾರ್ಕು ಎಲ್ಲ ಉಚಿತ. ತಲೆ ತಾಗಿದರೆ ದೊಡ್ಡವರ ಪೂರ್ತಿ ದರ.

ತಕ್ಷಣ ಪುಟ್ಟಿಯನ್ನು ಗೋಡೆಗೆ ನಿಲ್ಲಿಸಿ ನನ್ನ ಟೇಪು ಹಿಡಿದೆ. ನಾಲ್ಕಡಿ ಒಂದು ಇಂಚು! ಅವಳು ಕುಣಿದಾಡಿಬಿಟ್ಟಳು. ನನಗೆ ಒಂದು ಕಣ್ಣಲ್ಲಿ ಆನಂದ, ಇನ್ನೊಂದು ಕಣ್ಣಲ್ಲಿ ಪೂರ್ತಿ ದರ. ಆದರೆ ಅವರು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುವವಳು. ಹೋಟೆಲಿನ ಕರಡಿಯ ಹತ್ತಿರ ಮೊಣಕಾಲು ಮಡಚಿ ಒಳಗೆ ಹೋಗುವುದು, ಮೋಡದ ರೈಲಿನ ಹತ್ತಿರ ನೆಟ್ಟಗೆ ನಿಲ್ಲುವುದು. ಇಷ್ಟೇ ಉಪಾಯ.

"ಬೆಳಿಗ್ಗೆ ಗಿಡ್ಡ ಇದ್ದ ಮಗು ಮಧ್ಯಾಹ್ನ ಉದ್ದ ಆಗುತ್ತೇನೇ?" ಎಂದರು ಯಜಮಾನರು.

"ಬೆಳಿಗ್ಗೆ ಒಂದು ಇದ್ದ ಬಾಡಿಗೆ ಮಧ್ಯಾಹ್ನ ಇನ್ನೊಂದು ಆಗಲ್ವಾ? ಮಗು ಯಾಕೆ ಆಗಬಾರ್ದು?"

ಅವರು ಕನ್ನಡಕ ಒರೆಸಿಕೊಳ್ಳುತ್ತಾ ಎದ್ದು ಹೋದರು.

ಮಡಚಿದ ಮೊಣಕಾಲು ಕಾಣಬಾರದಲ್ಲ, ಅದಕ್ಕೊಂದು ಫ್ರಾಕು ಹೊಲಿದೆ. ನೆಲ ಗುಡಿಸುವಷ್ಟು ಉದ್ದ, ಮೂರು ಸುತ್ತು ನೆರಿಗೆ, ಒಳಗೆ ದಪ್ಪ ಲೈನಿಂಗು. ಅದರೊಳಗೆ ಇನ್ನೂ ಒಂದು ಮಗುವನ್ನು ಉಚಿತವಾಗಿ ಒಯ್ಯಬಹುದಿತ್ತು. ಆಮೇಲೆ ಹದಿನೈದು ದಿನ ತಾಲೀಮು. ಶಾಲೆಯಿಂದ ಬಂದ ಪುಟ್ಟಿ ಮೊಣಕಾಲು ಮಡಚಿ ಹಜಾರದ ಈ ತುದಿಯಿಂದ ಆ ತುದಿಗೆ ನಡೆಯುವಳು. ನಾನು ಯಂತ್ರ ತುಳಿಯುತ್ತಲೇ, "ಬಾತುಕೋಳಿ ಹಾಗೆ ಅಲ್ಲಾಡಬೇಡ, ತೇಲಿಕೊಂಡು ಬಾ!" ಎಂದು ತಿದ್ದುವೆನು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದಾರೆ. ನಾನು ಹಾಸಿಗೆಯ ಬಾಡಿಗೆ ನೋಡಿ ಮಗುವಿನ ಕಾಲನ್ನೇ ಮಡಚಿಸಿದೆ.

ಹೋಟೆಲಿನ ಬಾಗಿಲಲ್ಲಿ ಪುಟ್ಟಿ ಅಮೋಘವಾಗಿ ನಟಿಸಿದಳು. ಅಮೋಘ ಸ್ವಲ್ಪ ಹೆಚ್ಚೇ ಆಯಿತು. ಕರಡಿಯ ಕೈಗೂ ಅವಳ ತಲೆಗೂ ನಡುವೆ ಒಂದು ಗೇಣು ಜಾಗ ಉಳಿಯಿತು.

ಕೌಂಟರಿನಲ್ಲಿ ಟೈ ಕಟ್ಟಿಕೊಂಡಿದ್ದ ಹುಡುಗಿ ಬಗ್ಗಿ ನೋಡಿ, "ಎಷ್ಟು ವರ್ಷ ಮೇಡಂ ಮಗುಗೆ?" ಎಂದಳು.

"ಏಳು. ನಮ್ಮ ಮನೆತನದಲ್ಲಿ ಎಲ್ಲರೂ ಸ್ವಲ್ಪ ಗಿಡ್ಡ" ಎಂದೆ ನಾನು, ಧೈರ್ಯವಾಗಿ.

ಪಕ್ಕದಲ್ಲಿ ನಿಂತಿದ್ದ ಆರಡಿ ಎತ್ತರದ ಯಜಮಾನರು ಗಾಬರಿಯಿಂದ ತಾವೂ ಮೊಣಕಾಲು ಮಡಚಿದರು. ಹುಡುಗಿ ಪುಟ್ಟಿಯ ಕೈಗೆ ಹಳದಿ ಪಟ್ಟಿ ಕಟ್ಟಿದಳು, ನಮ್ಮಿಬ್ಬರಿಗೆ ಕೆಂಪು. ನಾನು ರಾಣಿಯ ಹಾಗೆ ಲಿಫ್ಟು ಹತ್ತಿದೆ.

ಕೋಣೆಯ ಕಿಟಕಿ ತೆಗೆದರೆ ಮೋಡದ ರೈಲು ಕಾಣಲಿಲ್ಲ, ಹೋಟೆಲಿನ ದೋಭಿಖಾನೆ ಕಂಡಿತು. ರೈಲು ಕಾಣುವ ಕಿಟಕಿಗೆ ಬೇರೆ ದರವಂತೆ. ನೀರಿನ ಬಾಟಲಿಗೆ ಬೇರೆ, ಎರಡನೆಯ ಟವೆಲಿಗೆ ಬೇರೆ. ಕಿಟಕಿಯ ಜಾಲರಿ ಹರಿದಿದ್ದರಿಂದ ಸೊಳ್ಳೆಗಳು ಮಾತ್ರ ಉಚಿತ. ಶೇಕಡಾ ನಲವತ್ತು ಕಡಿತ ಎಂದಿದ್ದರು, ಬೆಳಗಾಗುವಷ್ಟರಲ್ಲಿ ನನ್ನ ಮೈಮೇಲೆ ನೂರಕ್ಕೆ ನೂರು ಕಡಿತವಾಗಿತ್ತು. "ಅಂತೂ ಹೇಳಿದ್ದಕ್ಕಿಂತ ಜಾಸ್ತೀನೇ ಕೊಟ್ಟಿದ್ದಾರೆ" ಎಂದು ಯಜಮಾನರು ಕೆರೆದುಕೊಂಡರು.

ಬೆಳಿಗ್ಗೆ ಪಾರ್ಕಿನ ಬಾಗಿಲು ತೆರೆಯುತ್ತಲೇ ಪುಟ್ಟಿ ಫ್ರಾಕು ಎತ್ತಿಕೊಂಡು ಮೋಡದ ರೈಲಿಗೆ ಓಡಿದಳು. ಹಿಂದೆ ನಾವು. ಸಾಲು ಕರಗಿ ನಮ್ಮ ಸರದಿ ಬಂತು. ಟೋಪಿ ಹಾಕಿದ ಕಾವಲಿನವನು ಅವಳ ಕೈ ನೋಡಿ ತಲೆಯಾಡಿಸಿದ.

"ಹಳದಿ ಪಟ್ಟಿ ಇಲ್ಲಿ ಬಿಡಲ್ಲಮ್ಮಾ. ಹಳದಿ ಅಂದ್ರೆ ಕರಡಿ ಕೈ ಕೆಳಗಿನವರು. ಆ ಕಡೆ ಕುದುರೆ ಆಟ ಇದೆ ನೋಡಿ."

"ಬೇಕಾದ್ರೆ ಅಳೆದು ನೋಡಿ!"

"ಪಟ್ಟಿ ನೋಡಿ ಬಿಡು ಅಂತ ಹೇಳಿದ್ದಾರೆ. ಪಟ್ಟಿ ಕೆಂಪಿದ್ರೆ ಆಮೇಲೆ ಅಳೆಯೋದು."

ಉಪಾಯದಲ್ಲಿ ಈ ಪಟ್ಟಿಯನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಪುಟ್ಟಿ ಜೋರಾಗಿ ಅಳಲಿಲ್ಲ. ಜೋರಾಗಿ ಅತ್ತಿದ್ದರೆ ಗದರಿಸಬಹುದಿತ್ತು. ತುಟಿ ಕಚ್ಚಿಕೊಂಡು ಹಳದಿ ಪಟ್ಟಿಯನ್ನು ಬೆರಳಿಂದ ತಿರುಗಿಸುತ್ತಾ, "ನಾನು ಬೆಳೆದಿದ್ದೀನಲ್ಲಮ್ಮಾ, ನೀನೇ ಹೇಳಿದ್ಯಲ್ಲ" ಎಂದಳು. ಬೆಳೆಯಬೇಕೆಂದು ಹಂಬಲಿಸಿದ ಮಗುವನ್ನು ಬಗ್ಗಿಸಿದ ತಾಯಿ ನಾನು. ಸುಡಲಿ ಆ ಉಚಿತ ಎಂದುಕೊಂಡು ನೇರವಾಗಿ ಹೋಟೆಲಿನ ಕೌಂಟರಿಗೆ ನಡೆದೆ.

"ಇವಳನ್ನ ದೊಡ್ಡವರ ಲೆಕ್ಕಕ್ಕೆ ಹಾಕಿ. ಪೂರ್ತಿ ದರ ತಗೊಳ್ಳಿ."

ಟೈ ಹುಡುಗಿ ಕಣ್ಣರಳಿಸಿದಳು. "ಕೋಣೆಗೂ ಸೇರುತ್ತೆ ಮೇಡಂ, ಪಾರ್ಕಿಗೂ ಸೇರುತ್ತೆ. ಇವತ್ತಿನ ದರ ಬೇರೆ ಏರಿದೆ."

"ಏರಲಿ. ಅಳೆಯಲ್ವಾ?"

"ಕಡಿಮೆ ಕೊಡೋರನ್ನ ಮಾತ್ರ ನಾವು ಅಳೆಯೋದು ಮೇಡಂ."

ಬದುಕಿನಲ್ಲಿ ಮೊದಲ ಸಲ ಚೌಕಾಸಿ ಮಾಡದೆ ದುಡ್ಡು ಎಣಿಸಿದೆ. ಓರಗಿತ್ತಿ ಕೊಟ್ಟದ್ದಕ್ಕಿಂತ ಹೆಚ್ಚೇ ಆಯಿತು. ಯಜಮಾನರು ನನ್ನ ಹಣೆ ಮುಟ್ಟಿ ಜ್ವರವಿದೆಯೇ ಎಂದು ನೋಡಿದರು. ಪುಟ್ಟಿಯ ಕೈಗೆ ಕೆಂಪು ಪಟ್ಟಿ ಬಂತು. ಅವಳ ಮುಖ ನೋಡಿದಾಗ, ಕೊಟ್ಟದ್ದು ಕಡಿಮೆಯೇ ಆಯಿತು ಎನ್ನಿಸಿತು. ನಿಜವಾಗಿ ಹಾಗನ್ನಿಸಿತು.

ಮತ್ತೆ ಸಾಲು. ಟೋಪಿಯವನು ಪಟ್ಟಿ ನೋಡಿ ಸರಿ ಎಂದ, ಫ್ರಾಕು ನೋಡಿ ಬೇಡ ಎಂದ. ಇಷ್ಟುದ್ದದ ಬಟ್ಟೆ ಚಕ್ರಕ್ಕೆ ಸಿಕ್ಕೀತಂತೆ. ನಾನು ಕೈಚೀಲದಿಂದ ನೂಲಿನ ಕತ್ತರಿ ತೆಗೆದು, ಮೂರು ಸುತ್ತು ನೆರಿಗೆಯನ್ನೂ ಅಲ್ಲೇ ಮೊಣಕಾಲಿನವರೆಗೆ ಕತ್ತರಿಸಿ ಹಾಕಿದೆ. ಆ ಪ್ರವಾಸದಲ್ಲಿ ನಡೆದ ಅಸಲಿ ಕಡಿತ ಅದೊಂದೇ. ಸಾಲಿನಲ್ಲಿದ್ದವರು ಚಪ್ಪಾಳೆ ತಟ್ಟಿದರು.

ಪುಟ್ಟಿ ಎದೆಯುಬ್ಬಿಸಿ, ಕತ್ತು ನಿಗುರಿಸಿ, ಅಲ್ಲಿದ್ದ ಇನ್ನೊಂದು ಕರಡಿಯ ಕೈ ಕೆಳಗೆ ನಿಂತಳು.

ತಲೆ ತಾಗಲಿಲ್ಲ.

"ಒಂದು ಇಂಚು ಕಡಿಮೆ" ಎಂದ ಟೋಪಿಯವನು.

"ಕಡಿಮೆಯಾ? ನಾನು ಬಟ್ಟೆ ಹೊಲಿಯೋಳಪ್ಪಾ! ನನ್ನ ಅಳತೆ ಸುಳ್ಳಾಗುತ್ತಾ? ನಿನ್ನ ಕರಡೀನೇ ಸುಳ್ಳು!" ಎಂದು ಕೈಚೀಲದಿಂದ ಟೇಪು ಎಳೆದೆ. ಎಲ್ಲರ ಎದುರಿಗೆ ಮಗುವಿನ ಹಿಮ್ಮಡಿಯಿಂದ ನೆತ್ತಿಯವರೆಗೆ ಹಿಡಿದೆ. "ನೋಡಿ! ನಾಲ್ಕಡಿ ಒಂದು ಇಂಚು!"

ಅವನು ಟೇಪಿನ ಕೆಳತುದಿ ಎತ್ತಿ ನೋಡಿ ಶಾಂತವಾಗಿ ಹೇಳಿದ. "ಅಮ್ಮಾ, ಇದು ಮೂರನೇ ಇಂಚಿಂದ ಶುರುವಾಗುತ್ತೆ. ಒಂದೂ ಇಲ್ಲ, ಎರಡೂ ಇಲ್ಲ."

ನಾನು ನೋಡಿದೆ. ತುದಿಯ ತಗಡೂ ಇಲ್ಲ, ಮೊದಲ ಎರಡು ಇಂಚೂ ಇಲ್ಲ. ನೀಟಾಗಿ ಕತ್ತರಿಸಿದೆ. ಪುಟ್ಟಿ ಅಪ್ಪನ ಹಿಂದೆ ಸರಿದಳು.

"ಗೊಂಬೆಗೆ ಬೆಲ್ಟ್ ಮಾಡಿದ್ದೆ" ಎಂದಳು.

ಅದೇ ಟೇಪಿನಲ್ಲಿ ಗಿರಾಕಿಯನ್ನೂ ಅಳೆದು, ಅದೇ ಟೇಪಿನಲ್ಲಿ ಬಟ್ಟೆಯನ್ನೂ ಅಳೆಯುತ್ತಿದ್ದರೆ ತಪ್ಪಿಗೆ ತಪ್ಪು ವಜಾ ಆಗಿ ಯಾರಿಗೂ ತಿಳಿಯುವುದಿಲ್ಲ. ಕರಡಿಗೆ ಮಾತ್ರ ತಿಳಿಯಿತು. ಅಂದರೆ ನನ್ನ ಮಗಳು ನೆಟ್ಟಗೆ ನಿಂತಿದ್ದರೂ ಉಚಿತವಾಗಿಯೇ ಒಳಗೆ ಹೋಗುತ್ತಿದ್ದಳು. ಗಿಡ್ಡ ಮಗುವಿಗೆ ಗಿಡ್ಡವಾಗುವುದನ್ನು ಹದಿನೈದು ದಿನ ಕಲಿಸಿ, ಆಮೇಲೆ ಅವಳು ಉದ್ದವೆಂದು ಹಟ ಹಿಡಿದು ಪೂರ್ತಿ ದರ ಕೊಟ್ಟ ಏಕೈಕ ಮಹಿಳೆ ನಾನು. ಅಷ್ಟು ಮಾಡಿಯೂ ಮಗುವಿಗೆ ರೈಲಿಲ್ಲ. ಅವಳನ್ನು ಎತ್ತಿಕೊಂಡು, "ನನ್ನದೇ ತಪ್ಪು ಕಂದಾ" ಎಂದೆ. ಅವಳು ನನ್ನ ಹೆಗಲ ಮೇಲೆ ಮೂಗು ಒರೆಸಿಕೊಂಡು, "ಒಂದೇ ಇಂಚು ಅಲ್ವಾ, ಬೆಳೀತೀನಿ ಬಿಡು" ಎಂದು ನನ್ನನ್ನೇ ಸಮಾಧಾನ ಮಾಡಿದಳು.

ದುಃಖ ಬೇರೆ, ದುಡ್ಡು ಬೇರೆ. ಮತ್ತೆ ಕೌಂಟರಿಗೆ ಹೋಗಿ ಹೆಚ್ಚು ಕೊಟ್ಟದ್ದನ್ನು ವಾಪಸು ಕೇಳಿದೆ. ಟೈ ಹುಡುಗಿ ಮುಖ ಸಣ್ಣದು ಮಾಡಿಕೊಂಡಳು.

"ದುಡ್ಡು ವಾಪಸ್ ಕೊಡೋ ಪದ್ಧತಿ ಇಲ್ಲ ಮೇಡಂ. ಅದರ ಬದಲು ಮುಂದಿನ ವರ್ಷಕ್ಕೆ ಶೇಕಡಾ ನಲವತ್ತು ಕಡಿತದ ಚೀಟಿ ಕೊಡ್ತೀವಿ. ಎಲ್ಲರಿಗೂ ಕೊಡಲ್ಲ" ಎಂದು ದನಿ ತಗ್ಗಿಸಿದಳು. "ನಿಮಗೆ ಅಂತ."

ಯಜಮಾನರು ಗೋಡೆಯ ಮೇಲಿದ್ದ ಮುಂದಿನ ವರ್ಷದ ದರವನ್ನು ಮೀಟರ್ ಓದಿದ ಹಾಗೆ ಓದಿದರು. "ನಲವತ್ತು ಕಳೆದ್ರೂ ಈ ವರ್ಷದ ಪೂರ್ತಿ ದರಕ್ಕಿಂತ ಜಾಸ್ತಿ ಕಣೇ. ಇವಳು ಒಂದು ಇಂಚು ಬೆಳೆಯೋದ್ರೊಳಗೆ ಬಾಡಿಗೆ ಒಂದು ಅಡಿ ಬೆಳೆದಿದೆ."

"ಸುಮ್ಮನಿರ್ರೀ. ನಲವತ್ತು ಅಂದ್ರೆ ನಲವತ್ತೇ" ಎಂದು ಚೀಟಿಗೆ ಕೈ ಚಾಚಿದೆ. ವ್ಯಾಪಾರ ಬಲ್ಲವಳು ಸಿಕ್ಕಿದ್ದನ್ನು ಬಿಡುವುದಿಲ್ಲ.

"ಒಂದು ನಿಮಿಷ ಮೇಡಂ. ಚೀಟಿ ಮೇಲೆ ಮಗುವಿನ ಎತ್ತರ ಬರೀಬೇಕು" ಎಂದಳು ಹುಡುಗಿ. "ಬಾ ಪುಟ್ಟಾ, ಕರಡಿ ಹತ್ತಿರ ನಿಂತ್ಕೋ."

ನನ್ನ ಹಿಂದೆ ಕೋಣೆಗಾಗಿ ಕಾಯುತ್ತಿದ್ದ ಹತ್ತಾರು ಜನ ಇದ್ದರು. ಪುಟ್ಟಿ ಕರಡಿಯ ಕೈ ಕೆಳಗೆ ಹೋಗಿ ನಿಂತು, ನನ್ನ ಕಡೆ ತಿರುಗಿ, ಪಾಠ ಒಪ್ಪಿಸುವ ದನಿಯಲ್ಲಿ ಗಟ್ಟಿಯಾಗಿ ಕೇಳಿದಳು:

"ಅಮ್ಮಾ, ಈಗ ನೆಟ್ಟಗೆ ನಿಲ್ಲಲಾ, ಮೊಣಕಾಲು ಮಡಚಲಾ?"