ಎಂಬತ್ತು ಕಿಲೋದ ಬಂದೂಕು

ವಿಠ್ಠಲ್ ಹೇಳಿದ್ದು ಒಂದೇ ಒಂದು ಸುಳ್ಳು, ಅದೂ ಬಾಯಲ್ಲಿ ಮಿರ್ಚಿ ಭಜಿ ಇದ್ದಾಗ. ಸೇಡಂ ರಸ್ತೆಯ ಸಿಮೆಂಟ್ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಕೂತು, "ಕಾಲೇಜಿನಾಗ ನಾ ಎನ್‌ಸಿಸಿ ಶೂಟರ್ ಇದ್ದೆ. ಹಾರೋ ಕಾಗಿ ಕಣ್ಣಿಗೆ ಹೊಡೀತಿದ್ದೆ," ಎಂದುಬಿಟ್ಟ. ಎನ್‌ಸಿಸಿಯಲ್ಲಿ ಅವನು ಹೊತ್ತದ್ದು ಬಂದೂಕಲ್ಲ, ಉಪ್ಪಿಟ್ಟಿನ ಪಾತೇಲಿ. ಆದರೆ ಪಕ್ಕದ ಮೇಜಿನಲ್ಲಿ ಕಾರ್ಖಾನೆಯ ಸೆಕ್ಯುರಿಟಿ ಆಫೀಸರ್, ನಿವೃತ್ತ ಸುಬೇದಾರ್ ಗುರುಲಿಂಗಯ್ಯ ಕೂತಿದ್ದರು. ಕ್ರೀಡಾದಿನಕ್ಕೆ ರೈಫಲ್ ಸ್ಪರ್ಧೆ ಇಡಬೇಕೆಂದು ಅವರದೊಂದು ಹಟ. ಸುಳ್ಳು ಕಿವಿಗೆ ಬಿದ್ದದ್ದೇ ತಡ, ಡೈರಿ ತೆಗೆದು ವಿಠ್ಠಲನ ಹೆಸರು ಬರೆದುಕೊಂಡರು.

ಆಗಲೇ ಕೈಮುಗಿದಿದ್ದರೆ ಮುಗಿಯುತ್ತಿತ್ತು. ಆದರೆ ಸ್ಪರ್ಧೆಯ ಪ್ರತಿ ವಿಭಾಗದಲ್ಲೂ ಗೆದ್ದವರೊಬ್ಬರಿಗೆ ಹೆಡ್ ಆಫೀಸಿನಲ್ಲಿ ಜಾಗ ಎಂದು ನೋಟೀಸು ಹೇಳುತ್ತಿತ್ತು. ವಿಠ್ಠಲ್ ಏಳು ವರ್ಷದಿಂದ ಕಲ್ಲು ಪುಡಿ ಮಾಡುವ ಕ್ರಶರ್ ಗೇಟಿನಲ್ಲಿ ಲಾರಿ ನಂಬರು ಬರೆಯುತ್ತಿದ್ದ. ಸಂಜೆ ಮನೆಗೆ ಬಂದರೆ ಹಿಟ್ಟಿನ ಗಿರಣಿಯಲ್ಲಿ ಹೊರಳಾಡಿದ ಬೆಕ್ಕಿನ ಹಾಗಿರುತ್ತಿದ್ದ. ಹೆಡ್ ಆಫೀಸಿನಲ್ಲಿ ಫ್ಯಾನು ಇತ್ತು. ಅವನು ಹೆಸರು ತೆಗೆಸಲಿಲ್ಲ.

ಕ್ರೀಡಾದಿನದ ಭಾನುವಾರ ಬೆಳಿಗ್ಗೆ ವಿಠ್ಠಲ್ ಪಕ್ಕದ ಕ್ವಾರ್ಟರ್ಸಿನ ಶಹಾಬುದ್ದೀನನ ಗಾಳಿ ಬಂದೂಕು ಹೊತ್ತು ಮೈದಾನಕ್ಕೆ ಬಂದ. ಶಹಾಬುದ್ದೀನ ಲಾರಿ ತೂಗುವ ಕಾಂಟಾದ ಗುಮಾಸ್ತ. ಪೇರಲ ಗಿಡಕ್ಕೆ ಬರುವ ಮಂಗಗಳನ್ನು ಹೆದರಿಸಲು ಆ ಬಂದೂಕು ಇಟ್ಟುಕೊಂಡಿದ್ದ. ಅವನೂ ಜೊತೆಗೆ ಬಂದ. ನೋಡಲೆಂದು ವಿಠ್ಠಲನ ಹೆಂಡತಿ ನರ್ಮದಾ ಬಂದಳು. ನರ್ಮದಾ ಬಂದಳೆಂದು ಎದುರು ಮನೆಯ ಬಸ್ಸಮ್ಮ ಬಂದಳು.

ಗುರುಲಿಂಗಯ್ಯನವರ ಕೈಯಲ್ಲಿ ಎಲ್ಲಿಂದಲೋ ತರಿಸಿದ ನಿಯಮದ ಪುಸ್ತಕ. "ಇದು ಸೆಮಿ-ಆಟೊಮ್ಯಾಟಿಕ್ ಸ್ಪರ್ಧಾ! ಗುಂಡು ತಾನ ತುಂಬಿಕೋಬೇಕು, ನೀವು ಬೆರಳಿಲೆ ಕುದುರಿ ಅಷ್ಟ ಜಗ್ಗಬೇಕು. ಐದು ಕಿಲೋದೊಳಗಿಂದು ಲೈಟ್ ವಿಭಾಗ, ಅದರ ಮ್ಯಾಲಿಂದು ಹೆವಿ. ಗುರಿ ನೋಡಾಕ ಗ್ಲಾಸು-ಗೀಸು ಜೋಡಿಸಿದ್ದು ಓಪನ್."

ಉಳಿದ ಎಂಟು ಸ್ಪರ್ಧಿಗಳೂ ಸೆಕ್ಯುರಿಟಿ ಗಾರ್ಡುಗಳು. ಅವರ ಕೈಯಲ್ಲಿ ಕಂಪನಿ ಕ್ಲಬ್ಬಿನ ಹೊಸ ಬಂದೂಕುಗಳು, ತಾವೇ ತುಂಬಿಕೊಳ್ಳುವಂಥವು. ಶಹಾಬುದ್ದೀನನದಕ್ಕೆ ಪ್ರತಿ ಸಲವೂ ನಳಿಕೆಯನ್ನು ಬಗ್ಗಿಸಿ ಸೀಸದ ಗುಂಡು ಇಡಬೇಕು. ವಿಠ್ಠಲ್ ಬಗ್ಗಿಸಲು ನೋಡಿದ. ನಳಿಕೆ ಬಗ್ಗಲಿಲ್ಲ, ಅವನೇ ಬಗ್ಗಿದ.

"ಇಲ್ಲಿ ತರ್ರಿ," ಎಂದು ನರ್ಮದಾ ಬಂದೂಕು ಕಸಿದುಕೊಂಡು, ನುಗ್ಗೆಕಾಯಿ ಮುರಿದಂತೆ ನಳಿಕೆ ಬಗ್ಗಿಸಿ, ಗುಂಡಿಟ್ಟು ಕೊಟ್ಟಳು.

ಶಹಾಬುದ್ದೀನನ ಕಣ್ಣು ಮಿಂಚಿತು. "ನೋಡ್ರಿ ಸುಬೇದಾರ್ ಸಾಬ್! ವಿಠ್ಠಲ್ ಭಾಯಿ ಕುದುರಿ ಅಷ್ಟ ಜಗ್ಗತಾರ. ತುಂಬೋದು ತಾನ ಆಗ್ತದ."

"ತಾನ ಎಲ್ಲಿ ಆಗ್ತದ? ಅಕ್ಕಾರು ತುಂಬಾಕತ್ತಾರಲ್ಲ!"

"ತುಂಬು ಅಂತ ಭಾಭಿಗೆ ಯಾರರ ಹೇಳ್ಯಾರೇನು? ಇಲ್ಲಲ್ಲ? ಹೇಳದ ಆಯ್ತು ಅಂದ್ರ ತಾನ ಆದಂಗ."

ಗುರುಲಿಂಗಯ್ಯ ಪುಸ್ತಕ ತಿರುವಿದರು. ಹೆಂಡತಿ ಇರಕೂಡದೆಂದು ಯಾವ ಪುಟದಲ್ಲೂ ಇರಲಿಲ್ಲ. "ಮಂಜೂರು. ಆದ್ರ ಬಂದೂಕಿಗೆ ಜೋಡಿಸಿದ್ದೆಲ್ಲಾ ಬಂದೂಕ. ಎರಡೂ ಕೂಡಿಸಿ ತೂಕ ಮಾಡಸ್ರಿ."

ಕಾರ್ಖಾನೆಯಲ್ಲಿ ಇದ್ದದ್ದು ಶಹಾಬುದ್ದೀನನ ಕಾಂಟಾ ಒಂದೇ. ಸುಣ್ಣಕಲ್ಲಿನ ಎರಡು ಲಾರಿಗಳನ್ನು ಹಿಂದೆ ಸರಿಸಿ, ನರ್ಮದಾಳನ್ನು ಬಂದೂಕಿನ ಸಮೇತ ನಡುವೆ ನಿಲ್ಲಿಸಿದರು. ನಲವತ್ತರಿಂದ ಅರವತ್ತಕ್ಕೆ, ಅರವತ್ತರಿಂದ ಎಂಬತ್ತಕ್ಕೆ ಹಾರುವ ಯಂತ್ರ ಅದು; ನಡುವಿನ ಅಂಕಿ ಅದಕ್ಕೆ ಗೊತ್ತಿಲ್ಲ. ಗರಗರ ಎಂದು ಚೀಟಿ ಕಾರಿತು. ಶಹಾಬುದ್ದೀನ ಗಟ್ಟಿಯಾಗಿ ಓದಿದ: "ಮಾಲು, ಬಂದೂಕು. ತೂಕ, ಎಂಬತ್ತು ಕಿಲೋ."

"ಸುಳ್ಳು! ನಾ ಅರವತ್ತೆಂಟ ಅದೀನಿ!" ಎಂದು ನರ್ಮದಾ ಕೂಗಿದಳು.

"ಅಯ್ಯ, ಮೊನ್ನಿ ಐವತ್ತೈದು ಅಂದಿದ್ದೆಲ್ಲವಾ?" ಎಂದಳು ಬಸ್ಸಮ್ಮ.

ನರ್ಮದಾ ಮೂಗಿನ ಮೇಲಿನ ಚಸ್ಮಾ ಏರಿಸಿ ಗಂಡನ ಕಡೆ ನೋಡಿದ ನೋಟಕ್ಕೆ ಲೈಸನ್ಸು ಬೇಕಾಗಿತ್ತು. ಗುರುಲಿಂಗಯ್ಯ ಮಾತ್ರ ನಿರ್ವಿಕಾರವಾಗಿ 'ಹೆವಿ' ಎಂದು ಬರೆಯಲು ಹೊರಟವರು ತಲೆ ಎತ್ತಿದರು. "ತಡೀರಿ. ಬಂದೂಕಿಗೆ ಚಸ್ಮಾ ಅದ! ಓಪನ್!"

ವಿಠ್ಠಲನಿಗೆ ಕುಣಿಯುವಷ್ಟು ಖುಷಿಯಾಯಿತು. ಓಪನ್ ವಿಭಾಗದಲ್ಲಿ ಇನ್ನೊಬ್ಬ ಸ್ಪರ್ಧಿಯೇ ಇರಲಿಲ್ಲ! ಹತ್ತು ಗುಂಡಿನಲ್ಲಿ ಒಂದು ಹೋಗಿ ಗುರಿಯ ಹಲಗೆಯ ಅಂಚಿಗೆ ತಾಗಿದರೂ ಸಾಕು, ನಾಳೆಯಿಂದ ಫ್ಯಾನಿನ ಗಾಳಿ.

ಮೊದಲ ಗುಂಡು ಮಣ್ಣಿಗೆ ಹೋಯಿತು. ಎರಡನೆಯದು ಕುಡಿಯುವ ನೀರಿನ ಹರವಿಗೆ. ಮೂರನೆಯದು ಧ್ವನಿವರ್ಧಕಕ್ಕೆ ಬಡಿದು, ಬೆಳಗಿನಿಂದ ನಡೆದಿದ್ದ ಮ್ಯಾನೇಜರರ ಭಾಷಣ ನಿಂತಿತು; ಜನ ಚಪ್ಪಾಳೆ ತಟ್ಟಿದರು. ನಾಲ್ಕರಿಂದ ಒಂಬತ್ತರವರೆಗಿನವು ಎಲ್ಲಿ ಹೋದವೆಂದು ಯಾರಿಗೂ ತಿಳಿಯಲಿಲ್ಲ. ಹಲಗೆ ಹೊಸ ಹಂಚಿನಂತೆ ನುಣ್ಣಗೆ ನಿಂತಿತ್ತು.

ಹತ್ತನೆಯದನ್ನು ತುಂಬಿ ಕೊಡುವಾಗ ನರ್ಮದಾ ಬಗ್ಗಿ ಅವನ ಮುಖ ನೋಡಿದಳು. "ಏನ್ರೀ, ಎರಡೂ ಕಣ್ಣು ಮುಚ್ಚಿ ಹೊಡ್ಯಾಕತ್ತೀರಲ್ಲ!"

"ಒಂದ ಮುಚ್ಚಾಕ ಬರಂಗಿಲ್ಲ ನನಗ," ಎಂದು ವಿಠ್ಠಲ್ ಪಿಸುಗುಟ್ಟಿದ.

"ಸರೀರಿ ಅತ್ತಾಗ!" ಎಂಬತ್ತು ಕಿಲೋ ಎನಿಸಿಕೊಂಡ ಸಿಟ್ಟನ್ನೆಲ್ಲ ತೋರುಬೆರಳಿಗೆ ತಂದು ಅವಳೇ ಕುದುರೆ ಜಗ್ಗಿದಳು. ಟಪ್! ಹಲಗೆಯ ನಟ್ಟನಡುವೆ, ಕುಂಕುಮದ ಬೊಟ್ಟಿಟ್ಟ ಹಾಗೆ ತೂತು ಬಿತ್ತು.

"ಗೆದ್ದೆ! ನಾ ಗೆದ್ದೆ!" ವಿಠ್ಠಲ್ ಶಹಾಬುದ್ದೀನನನ್ನು ಅಪ್ಪಿಕೊಂಡ.

"ಖಾಮೋಶ್!" ಗುರುಲಿಂಗಯ್ಯ ಬಂದರು. "ಈ ಬಂದೂಕು ತಾನ ತುಂಬಿಕೊಂಡದ. ತಾನ ಗುರಿ ಹಿಡದದ. ತಾನ ಹೊಡದದ. ಇದು ಸೆಮಿ ಅಲ್ರೀ, ಪೂರಾ ಆಟೊಮ್ಯಾಟಿಕ್! ಸಾಮಾನ್ಯ ಜನ ಇಟ್ಕೊಳ್ಳಂಗಿಲ್ಲ. ನೀವು ಔಟ್, ಬಂದೂಕು ಜಪ್ತಿ."

"ಸಾಬ್, ನನ್ನ ಬಂದೂಕು ಬ್ಯಾರೆ, ಭಾಭಿ ಬ್ಯಾರೆ," ಎಂದು ಶಹಾಬುದ್ದೀನ ಗೋಗರೆದ. ತನ್ನದನ್ನು ಹೇಗೋ ಬಿಡಿಸಿಕೊಂಡು ಮನೆಗೆ ಓಡಿದ. ನರ್ಮದಾಳನ್ನು ಮ್ಯಾನೇಜರರ ಕೋಣೆಗೆ ಕರೆದುಕೊಂಡು ಹೋದರು. ವಿಠ್ಠಲ್ ಹೊರಗೆ ಬೇವಿನ ಗಿಡದ ಕೆಳಗೆ ಕೂತ. ಪೊಲೀಸು, ದಂಡ, ಮಾವನವರ ಮುಖ, ಎಲ್ಲವೂ ಕಣ್ಣ ಮುಂದೆ ಬಂದವು. ಬಸ್ಸಮ್ಮ ಪಕ್ಕದಲ್ಲೇ ಕೂತು, "ಏನೂ ಆಗಂಗಿಲ್ಲ ತಗೋರಿ, ಭಾಳಂದ್ರ ಮೂರು ವರ್ಷ," ಎಂದು ಸಮಾಧಾನ ಹೇಳಿದಳು.

ಅರ್ಧ ಗಂಟೆಯ ಮೇಲೆ ನರ್ಮದಾ ಕೈಯಲ್ಲೊಂದು ಕಾಗದ ಹಿಡಿದು ಬಂದಳು. ವಿಠ್ಠಲ್ ಇಸಿದುಕೊಂಡು ಓದಿದ. ಜಪ್ತಿಯಾದದ್ದನ್ನು ಸೆಕ್ಯುರಿಟಿ ವಿಭಾಗದ ವಶಕ್ಕೆ ಕೊಡಬೇಕಾಗಿರುವುದರಿಂದಲೂ, ಆ ವಿಭಾಗದಲ್ಲಿ ಮಹಿಳಾ ಗಾರ್ಡಿನ ಜಾಗ ಖಾಲಿ ಇರುವುದರಿಂದಲೂ, ಶ್ರೀಮತಿ ನರ್ಮದಾ ಅವರನ್ನು ಸೋಮವಾರದಿಂದ ಹೆಡ್ ಆಫೀಸಿನ ಬಾಗಿಲಿಗೆ ನೇಮಿಸಲಾಗಿದೆ. ಕುರ್ಚಿ ಫ್ಯಾನಿನ ಕೆಳಗೆ.

"ಮತ್ತ ನಾ?" ಎಂದ ವಿಠ್ಠಲ್.

"ನೀವು ಅಲ್ಲೇ, ಕ್ರಶರ್ ಗೇಟ್."

ವಿಠ್ಠಲ್ ಎದ್ದು ಪ್ಯಾಂಟಿನ ಧೂಳು ಕೊಡವಿಕೊಂಡ. ಆಮೇಲೆ ಅವನಿಗೆ ಹೊಸದೊಂದು ಚಿಂತೆ ಹತ್ತಿತು. "ಅಲ್ಲ, ನಾಳಿಂದ ಮುಂಜಾನೆ ನನಗ ಊಟದ ಡಬ್ಬಿ ಯಾರು ಕಟ್ಟತಾರ?"

"ನೀವ," ಎಂದಳು ನರ್ಮದಾ, ಕಾಗದವನ್ನು ನಾಲ್ಕಾಗಿ ಮಡಚುತ್ತ. "ಎರಡು ಕಟ್ಟರಿ."